ಕೈ ಹೇಳಿದ ತೂಕ

ಮಾರ್ಚ್ 3. ತೂಕ: 1240 ಗ್ರಾಂ

ಇದು ಅಂಗಡಿಯ ಪರೀಕ್ಷಾ ಪುಸ್ತಕ. ರಿಪೇರಿಗೆ ಬಂದ ಪ್ರತಿ ತಕ್ಕಡಿಗೂ ಇದರಲ್ಲಿ ಒಂದು ಸಾಲು: ದಿನಾಂಕ, ತೂಕ, ವ್ಯತ್ಯಾಸ, ಷರಾ. ಇಪ್ಪತ್ತೆರಡು ವರ್ಷದಿಂದ ಇದನ್ನು ಬಿಟ್ಟು ಬೇರೇನೂ ಬರೆದವನಲ್ಲ ನಾನು. ಬೆಳಗ್ಗೆ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಚೀಲ ಹಿಡಿದು ಓಡಿ ಬಂದಾಗ ಅದರೊಳಗೆ ಈ ಪುಸ್ತಕವೂ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕೂರಲು ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಹುಟ್ಟಿದಳು. ಮೇ ಹನ್ನೆರಡಕ್ಕೆ ಬರಬೇಕಾಗಿದ್ದವಳು ಹತ್ತು ವಾರ ಮುಂಚೆ ಬಂದಳು. ನಿನ್ನೆಯಿಂದ ಹೆಂಡತಿಯ ಬಿಪಿ ಏರುತ್ತಲೇ ಇತ್ತು, ಮುಖ, ಕಾಲು ಊದಿಕೊಂಡಿದ್ದವು. "ಇನ್ನು ಕಾಯೋ ಹಾಗಿಲ್ಲ. ಇಬ್ರೂ ಉಳೀಬೇಕು ಅಂದ್ರೆ ಈಗ್ಲೇ ಆಪರೇಷನ್ ಮಾಡ್ಬೇಕು" ಅಂದರು ಹೆರಿಗೆ ಡಾಕ್ಟರು. ಎಲ್ಲಿ ತೋರಿಸಿದರೋ ಅಲ್ಲಿ ಸಹಿ ಹಾಕಿದೆ. ಕಾಗದದಲ್ಲಿ ಏನಿತ್ತೋ ಒಂದಕ್ಷರವೂ ನೆನಪಿಲ್ಲ.

ಹೆಂಡತಿ ತೀವ್ರ ನಿಗಾದಲ್ಲಿ, ಎರಡನೇ ಮಹಡಿ. ಮಗು ನಾಲ್ಕನೇ ಮಹಡಿಯಲ್ಲಿ, ಪಾರದರ್ಶಕ ಪೆಟ್ಟಿಗೆಯೊಳಗೆ. ಅಲ್ಲಿ ಆರು ಪೆಟ್ಟಿಗೆಗಳಿವೆ, ನಮ್ಮದು ಮೂರನೆಯದು. ಪೆಟ್ಟಿಗೆಯ ಪಕ್ಕೆಗೆ ಎರಡು ದುಂಡು ಕಿಟಕಿ. ಅಲ್ಲಿನ ಹಿರಿಯ ನರ್ಸ್ ಬಾಗಿಲಿಗೆ ಯಾರು ಬಂದರೂ ತಲೆ ಎತ್ತದೆ "ಕೈ ತೊಳೀರಿ, ಮೊಣಕೈವರೆಗೆ" ಅನ್ನುತ್ತಾರೆ. ಅವರು ಒಂದು ಕಿಟಕಿ ತೆಗೆದು, "ಒಂದ್ಸಲ ಮುಟ್ಟಿ, ಅಪ್ಪ ಬಂದ್ರು ಅಂತ ಗೊತ್ತಾಗ್ಲಿ" ಅಂದರು.

ನಾನು ಮುಟ್ಟಲಿಲ್ಲ. "ನನ್ನ ಕೈ ಒರಟು ಸಿಸ್ಟರ್, ದಿನಾ ಎಣ್ಣೆ ಕಬ್ಬಿಣದಲ್ಲೇ ಇರೋದು" ಅಂದೆ.

"ಅದಕ್ಕೇ ತೊಳೀರಿ ಅಂದಿದ್ದು."

ಅಂಗಡಿ ಬೀದಿಯಲ್ಲಿ ನನ್ನ ಕೈಗೆ ಒಂದು ಹೆಸರಿದೆ. ಯಾರೇ ಒಂದು ಪೊಟ್ಟಣ ಕೊಡಲಿ, ಅಂಗೈಯಲ್ಲಿ ಒಮ್ಮೆ ಎತ್ತಿಳಿಸಿ ತೂಕ ಹೇಳುತ್ತೇನೆ. ಹತ್ತು ಗ್ರಾಂ ಆಚೀಚೆ ಆಗುವುದಿಲ್ಲ. ಪಕ್ಕದ ಅಂಗಡಿಯವರು ಚಹಾದ ಪಂದ್ಯ ಕಟ್ಟಿ ಕಟ್ಟಿ ಸೋತಿದ್ದಾರೆ. ಆ ಕೈಯನ್ನು ಇವತ್ತು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಮಾರ್ಚ್ 4. ತೂಕ: 1210. ವ್ಯತ್ಯಾಸ: 30 ಕಡಿಮೆ

ಹೆಂಡತಿಗೆ ಎಚ್ಚರವಾಗಿದೆ. ಹಾಸಿಗೆಯಿಂದ ಏಳುವ ಹಾಗಿಲ್ಲ, ನಾಲ್ಕನೇ ಮಹಡಿಗೆ ಹೋಗುವ ಮಾತಂತೂ ಇಲ್ಲವೇ ಇಲ್ಲ. ಹತ್ತಿರ ಹೋದ ಕೂಡಲೇ ಕೇಳಿದಳು, "ಹೇಗಿದ್ದಾಳೆ?"

"ಸಾವಿರದ ಇನ್ನೂರ ಹತ್ತು" ಅಂದೆ.

ಮುಖ ಆಚೆ ತಿರುಗಿಸಿದಳು. ನಮ್ಮ ಅತ್ತೆ ಪಕ್ಕದಲ್ಲೇ ಕೂತಿದ್ದರು. "ಅಳಿಯಂದ್ರೇ, ಅವ್ಳು ಕೇಳ್ತಿರೋದು ಮಗಳನ್ನ, ಸಕ್ಕರೆ ಮೂಟೆನಲ್ಲ" ಅಂದರು.

ನನ್ನವಳು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಶನಿವಾರ ಶನಿವಾರ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಓದುತ್ತಾಳೆ. ಅವಳಿಗೆ ಮೂಗು ಹೇಗಿದೆ, ಬೆರಳು ಹೇಗಿದೆ, ಯಾರ ಹಾಗಿದೆ ಎಲ್ಲ ಬೇಕು. ನನಗೆ ಹೇಳಲು ಬರುವುದಿಲ್ಲ. ಮೂವತ್ತು ಗ್ರಾಂ ಕಡಿಮೆಯಾಗಿದೆ ಅನ್ನುವುದನ್ನು ಹೇಳದೆ ಇದ್ದದ್ದೇ ನನ್ನ ಜಾಣತನ.

ಮಾರ್ಚ್ 6. ತೂಕ: 1160. ವ್ಯತ್ಯಾಸ: 80 ಕಡಿಮೆ

ಮಕ್ಕಳ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕ ಹೆಂಗಸು. ತಾಳ್ಮೆ ಮಾತ್ರ ನನ್ನದರ ಹತ್ತರಷ್ಟು. ಇವತ್ತು ಕಾರಿಡಾರಿನಲ್ಲಿ ಅಡ್ಡಗಟ್ಟಿ ಒಂದೇ ಉಸಿರಿಗೆ ಎಲ್ಲ ಕೇಳಿಬಿಟ್ಟೆ. ತೂಕ ಯಾಕೆ ಇಳಿಯುತ್ತಿದೆ? ಹುಟ್ಟುವಾಗ ಮೈಯಲ್ಲಿ ನೀರು ಹೆಚ್ಚು ಇರುತ್ತದಂತೆ, ಅದು ಹೋಗುತ್ತದಂತೆ. ತುಂಬಿದ ತಿಂಗಳಿಗೆ ಹುಟ್ಟಿದ ಮಕ್ಕಳಿಗೂ ಇಳಿಯುತ್ತದೆ, ಇವರಿಗೆ ಇನ್ನಷ್ಟು. ಎರಡು ವಾರದಲ್ಲಿ ಹುಟ್ಟಿದ ತೂಕಕ್ಕೆ ಮರಳಬೇಕು. ಮೂಗಿಗೆ ಯಾಕೆ ಗಾಳಿ ಊದುತ್ತಿದ್ದೀರಿ? ಶ್ವಾಸಕೋಶದೊಳಗಿನ ಪುಟ್ಟ ಪುಟ್ಟ ಚೀಲಗಳು ಉಸಿರು ಬಿಟ್ಟಾಗ ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಒಂದು ಜಾರು ಪದಾರ್ಥ ಇರಬೇಕಂತೆ. ಅದು ಕೊನೆಯ ವಾರಗಳಲ್ಲಿ ತಯಾರಾಗುವುದು. ಇವಳು ಅದಕ್ಕೂ ಮುಂಚೆ ಹೊರಟುಬಂದಿದ್ದಾಳೆ. ಮೊದಲ ದಿನ ಅದನ್ನೇ ಔಷಧಿಯಾಗಿ ಕೊಟ್ಟಿದ್ದಾರೆ. ಈಗ ಗಾಳಿಯ ಒತ್ತಡ ಚೀಲಗಳನ್ನು ತೆರೆದು ಹಿಡಿದಿದೆ. ಎಷ್ಟು ಒತ್ತಡ ಅಂತಲೂ ಕೇಳಿದೆ. ನೀರಿನ ಮಟ್ಟದ ಲೆಕ್ಕದಲ್ಲಿ ಐದು ಸೆಂಟಿಮೀಟರು. ನಾವು ಬಾಯಲ್ಲಿ ಊದುವುದಕ್ಕಿಂತ ಮೆಲ್ಲಗೆ.

ಮಾತಾಡುತ್ತಿದ್ದಾಗಲೇ ಒಳಗೆ ಮೂರನೇ ಪೆಟ್ಟಿಗೆಯ ಯಂತ್ರ ಕೂಗಿಕೊಂಡಿತು. ಮಗು ಬೂದು ಬಣ್ಣಕ್ಕೆ ತಿರುಗಿತ್ತು. ಕೈ ತೊಳಿ ಸಿಸ್ಟರ್ ಓಡಲೂ ಇಲ್ಲ, ಎರಡು ಹೆಜ್ಜೆ ನಡೆದು ಕಿಟಕಿಯೊಳಗೆ ಕೈ ಹಾಕಿ ಅಂಗಾಲಿಗೆ ಬೆರಳಿಂದ ತಟ್ಟಿದರು. "ಏನು ಯಜಮಾನಿ, ಉಸಿರು ಮರೆತ್ರಾ?" ಅಂದರು. ಬಣ್ಣ ಮರಳಿತು.

"ಉಸಿರಾಡೋದನ್ನ ಯಾರಾದ್ರೂ ಮರೀತಾರಾ?" ಅಂತ ಕೇಳಿದೆ, ನನ್ನ ಉಸಿರು ಬಂದ ಮೇಲೆ.

"ಇವಳಿಗೆ ಇದು ಹೊಸ ಕೆಲಸ ಅಲ್ವಾ" ಅಂದರು ಡಾಕ್ಟರು. ಒಳಗಿದ್ದಾಗ ಅಮ್ಮನೇ ಇವಳ ಪಾಲಿನ ಉಸಿರನ್ನೂ ಆಡುತ್ತಿದ್ದಳು. ಮಿದುಳಿಗೆ ಇನ್ನೂ ಆ ಕೆಲಸ ರೂಢಿಯಾಗಿಲ್ಲ. ನೆನಪಿಸಲು ದಿನಕ್ಕೊಂದು ಔಷಧಿ ಕೊಡುತ್ತಾರೆ. ಯಾವ ಔಷಧಿ ಅಂದರೆ, ಕಾಫಿಯಲ್ಲಿ ಇರುವುದೇ. ಇದನ್ನು ಕೇಳಿ ಕ್ಯಾಂಟೀನಿಗೆ ಹೋಗಿ ಒಂದು ಕಾಫಿ ಕುಡಿದೆ. ಅಪ್ಪ ಮಗಳು ಒಟ್ಟಿಗೆ ಮಾಡಿದ ಮೊದಲ ಕೆಲಸ.

ಮನೆಗೆ ಹೋಗಲು ಮೂರು ಷರತ್ತು. ತೂಕ 1800 ಆಗಬೇಕು. ನಳಿಕೆಯಿಲ್ಲದೆ ತಾನೇ ಹಾಲು ಕುಡಿಯಬೇಕು. ಕಾಫಿ ನಿಲ್ಲಿಸಿದ ಮೇಲೆ ಏಳು ದಿನ ಉಸಿರು ಮರೆಯಬಾರದು. ಕೊನೆಯ ಎರಡನ್ನು ಅಳೆಯಲು ನನ್ನಲ್ಲಿ ಯಾವ ಸಾಮಾನೂ ಇಲ್ಲ. ಮೊದಲನೆಯದು ನನ್ನ ಕಸುಬು.

ಮಾರ್ಚ್ 9. ತೂಕ: 1120. ವ್ಯತ್ಯಾಸ: 120 ಕಡಿಮೆ

ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ಮೇಲೆ ಕರೆದೊಯ್ದೆ. ಪೆಟ್ಟಿಗೆಯೊಳಗೆ ಕೈ ಇಟ್ಟವಳೇ ಹತ್ತು ನಿಮಿಷ ತೆಗೆಯಲಿಲ್ಲ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಕೆಳಗೆ ಬರುವಾಗ ಲಿಫ್ಟಿನಲ್ಲಿ ಜಗಳ ತೆಗೆದಳು.

"ಭುಜದ ಮೇಲೆ ರೇಷ್ಮೆ ಹಾಗೆ ರೋಮ ಇದೆ ಅಂತ ನೀವು ಹೇಳ್ಲೇ ಇಲ್ಲ."

"ನೋಡಿರ್ಲಿಲ್ಲ."

"ಕಿವಿ ಮಡಿಸ್ಕೊಂಡ್ರೆ ಹಾಗೇ ಇರತ್ತೆ, ಕಾಗದದ ಹಾಗೆ. ಸಿಸ್ಟರ್ ಬಿಡಿಸಿಟ್ರು. ಅದೂ ಹೇಳ್ಲಿಲ್ಲ."

"ಅದಕ್ಕೆ ಇನ್ನೂ ಮೃದ್ವಸ್ಥಿ ಗಟ್ಟಿಯಾಗಿಲ್ಲ. ಮೂವತ್ತನಾಲ್ಕು ವಾರ ದಾಟ್ಬೇಕು" ಅಂದೆ. ಇದನ್ನು ನಿನ್ನೆಯಷ್ಟೇ ಕೇಳಿ ತಿಳಿದುಕೊಂಡಿದ್ದೆ.

"ಕಾರಣ ಎಲ್ಲ ಗೊತ್ತು ನಿಮ್ಗೆ. ಕಿವಿ ಮಾತ್ರ ನೋಡಿಲ್ಲ."

ಮಾರ್ಚ್ 11. ತೂಕ: 1135

ಏರಿತು. ಆದರೆ ಹೆಂಡತಿಗೆ ಜ್ವರ. ಹೊಲಿಗೆಯಲ್ಲಿ ಕೀವು. ಮೇಲೆ ಬರುವ ಹಾಗಿಲ್ಲ, ಎಷ್ಟು ದಿನ ಅಂತ ಹೇಳುತ್ತಿಲ್ಲ. ಹಾಲು ಹಿಂಡಿ ಕೊಡುತ್ತಾಳೆ. ನಾನು ಹೆಬ್ಬೆರಳಿನಷ್ಟು ಡಬ್ಬಿಯನ್ನು ಎರಡರಿಂದ ನಾಲ್ಕನೇ ಮಹಡಿಗೆ ಹೊತ್ತೊಯ್ಯುತ್ತೇನೆ. ಎರಡು ಗಂಟೆಗೊಮ್ಮೆ ಆರು ಮಿಲಿ, ನಳಿಕೆಯಲ್ಲಿ. ಲಿಫ್ಟಿನಲ್ಲಿ ಯಾರಾದರೂ ತಾಗಿದರೆ ಜಗಳಕ್ಕೆ ನಿಲ್ಲುತ್ತೇನೆ.

ಮಾರ್ಚ್ 17. ತೂಕ: 1240. ವ್ಯತ್ಯಾಸ: ಇಲ್ಲ

ಹುಟ್ಟಿದ ತೂಕಕ್ಕೆ ಸರಿಯಾಗಿ ಬಂದು ನಿಂತಳು. ಹದಿನಾಲ್ಕು ದಿನ ಅಂದಿದ್ದರು, ಹದಿನಾಲ್ಕೇ ದಿನ. ಮಾತಿಗೆ ತಪ್ಪದ ಯಜಮಾನಿ. ಮೂಗಿನ ಗಾಳಿಯನ್ನೂ ತೆಗೆದರು. ಅಂಗಡಿಗೆ ಹೋಗಿ ಪಕ್ಕದವರಿಗೆಲ್ಲ ಚಹಾ ಕೊಡಿಸಿದೆ. "ಏನು ಪಂದ್ಯ ಸೋತ್ಯಾ?" ಅಂದರು.

ಸಿಸ್ಟರ್ ಇವತ್ತೂ ಕುರ್ಚಿ ತೋರಿಸಿದರು. ಮಗುವನ್ನು ಎದೆಗೆ ಹಾಕಿಕೊಂಡು ಕೂರುವ ಕುರ್ಚಿ ಅದು, ಕಿಟಕಿ ಹತ್ತಿರ ಇದೆ. ಮೈಗೆ ಮೈ ತಾಗಿಸಿ ಗಂಟೆಗಟ್ಟಲೆ ಕೂರಬೇಕು. ಅಮ್ಮಂದಿರು ಕೂರುತ್ತಾರೆ. ಅಮ್ಮನಿಗೆ ಆಗದಿದ್ದರೆ ಅಪ್ಪ. ನಾಳೆ ನೋಡೋಣ ಅಂದೆ. ಎಂಟು ದಿನದಿಂದ ಅದನ್ನೇ ಅನ್ನುತ್ತಿದ್ದೇನೆ.

ಮಾರ್ಚ್ 20. ತೂಕ: 1245

ಮೂರು ದಿನದಿಂದ ಇಷ್ಟೇ. 1245, 1240, 1245. ಹಾಲು ಹೆಚ್ಚಿಸಿದ್ದಾರೆ, ಹಾಲಿಗೆ ಬಲದ ಪುಡಿ ಬೆರೆಸಿದ್ದಾರೆ. ಕುಡಿದದ್ದು ಎಲ್ಲಿ ಹೋಗುತ್ತಿದೆ? ನನ್ನ ಅನುಭವದಲ್ಲಿ ಹಾಕಿದ ಸಾಮಾನು ಕಾಣೆಯಾದರೆ ಮೊದಲು ಅನುಮಾನಿಸಬೇಕಾದ್ದು ತಕ್ಕಡಿಯನ್ನು. ಇಷ್ಟು ದಿನ ನನ್ನ ತಲೆಗೆ ಇದು ಹೊಳೆಯದೆ ಇದ್ದದ್ದೇ ಆಶ್ಚರ್ಯ.

ಸಿಸ್ಟರಿಗೆ ಹೇಳಿದೆ. ನಕ್ಕರು. ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. "ಪರೀಕ್ಷೆಗೆ ಬರ್ಬೇಕಾದೋರು ಎರಡು ತಿಂಗಳಿಂದ ಬಂದಿಲ್ಲ. ನಿಮ್ಮ ಲೈಸೆನ್ಸ್ ತನ್ನಿ, ನಾನು ಬರೆದು ಕೊಡ್ತೀನಿ" ಅಂದರು.

ಮಾರ್ಚ್ 21. ತೂಕ: 1218

ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ಹೋದೆ. ಬಾಗಿಲಲ್ಲೇ ಸಿಸ್ಟರ್ ತಡೆದು ಬಟ್ಟುಗಳಿಗೂ ಕೈ ತೊಳೆಸಿದರು. ಒಂದೊಂದನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು.

ಖಾಲಿ ತಟ್ಟೆ: ಸೊನ್ನೆ. ಸರಿ. ನೂರು ಗ್ರಾಂ ಇಟ್ಟೆ: 102. ಅರ್ಧ ಕಿಲೋ: 511. ಒಂದು ಕಿಲೋ: 1022. ಮೂರು ಸಲ ಇಟ್ಟೆ, ಮೂರು ಸಲವೂ ಅದೇ. ನನ್ನ ಅನುಮಾನ ನಿಜವಾಗಿತ್ತು. ಎಂಥ ಖುಷಿ ಆಯಿತೆಂದರೆ "ನೋಡಿ, ನೋಡಿ" ಅಂತ ಎಲ್ಲರನ್ನೂ ಕರೆದು ತೋರಿಸಿದೆ. ಗುಂಡಿ ಒತ್ತಿ ಹಿಡಿದು, ಬಟ್ಟು ಇಟ್ಟು ಸರಿಪಡಿಸಿದೆ. ಈಗ ಒಂದು ಕಿಲೋ ಅಂದರೆ ಒಂದು ಕಿಲೋ. ಹುಟ್ಟಿದ ಕೂಡಲೇ ಅವಳನ್ನು ತೂಗಿದ್ದ ಹೆರಿಗೆ ಕೋಣೆಯ ತಕ್ಕಡಿಯನ್ನೂ ನೋಡಿಬಂದೆ. ಅದು ಚಿನ್ನದ ಹಾಗಿದೆ, ಒಂದು ಗ್ರಾಂ ಆಚೀಚೆ ಇಲ್ಲ.

ಆಮೇಲೆ ಸಿಸ್ಟರ್ ಯಜಮಾನಿಯನ್ನು ತಟ್ಟೆಯಲ್ಲಿ ಮಲಗಿಸಿದರು. 1218.

ನಾನು ಹುಡುಕುತ್ತಿದ್ದದ್ದು ಕಳೆದುಹೋದ ಗ್ರಾಂಗಳನ್ನು. ಸಿಕ್ಕಿದ್ದು ತಿರುಗುಮುರುಗು. ತಕ್ಕಡಿ ಇಷ್ಟು ದಿನ ಜಾಸ್ತಿಯೇ ತೋರಿಸುತ್ತಿತ್ತು. ಅಂದರೆ ಹದಿನೇಳನೇ ತಾರೀಕು ಅವಳು ಹುಟ್ಟಿದ ತೂಕಕ್ಕೆ ಬಂದಿರಲಿಲ್ಲ. ಇವತ್ತಿಗೂ ಬಂದಿಲ್ಲ. ಅಂಗಡಿಯಲ್ಲಿ ಕುಡಿಸಿದ ಚಹಾ ದಂಡ. ಸ್ವಂತ ಮಗಳಿಂದ ಇಪ್ಪತ್ತೇಳು ಗ್ರಾಂ ಕಿತ್ತುಕೊಂಡ ಅಪ್ಪ ನಾನೊಬ್ಬನೇ ಇರಬೇಕು.

ಮಾರ್ಚ್ 22. ತೂಕ: 1215

ಐದನೇ ಪೆಟ್ಟಿಗೆಯ ತಾಯಿ ಬಸ್ ಕಂಡಕ್ಟರ್. ಏಳು ವಾರದಿಂದ ಇಲ್ಲಿದ್ದಾಳೆ. ಅವಳ ಮಗ ಮೊನ್ನೆ 1810 ತೂಗಿದ್ದ, ಉಳಿದ ಷರತ್ತುಗಳೆಲ್ಲ ಮುಗಿದಿದ್ದವು. ನಿನ್ನೆ ಸಂಜೆ ಮನೆಗೆ ಹೋಗುವುದಿತ್ತು. ಚೀಲ ಕಟ್ಟಿ, ಮಗುವಿಗೆ ಟೋಪಿ ಹಾಕಿ ಕೂತಿದ್ದಳು. ಕಡೆಯ ಸಲ ತೂಗಿದರು. 1771.

ಇವತ್ತು ಕೈ ತೊಳೆಯುವ ಜಾಗದಲ್ಲಿ ಎದುರಾದಳು. "ನೀವು ಬಂದ್ರಿ, ನನ್ನ ಮಗನ ಮೂವತ್ತೊಂಬತ್ತು ಗ್ರಾಂ ಹೋಯ್ತು" ಅಂದಳು.

"ಹೋಗಿಲ್ಲಮ್ಮಾ. ಅದು ಅವನ ಹತ್ರ ಇರಲೇ ಇಲ್ಲ" ಅಂದೆ. ಸರಿಯಾದ ಉತ್ತರ. ಹೇಳಬಾರದಿದ್ದ ಉತ್ತರ. ಅವಳು ಸಾಬೂನು ಹಚ್ಚಿದ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ನೀರು ಸುಮ್ಮನೆ ಹರಿದುಹೋಗುತ್ತಿತ್ತು.

ಡಾಕ್ಟರು ನನ್ನ ಪರ ನಿಂತರು. ಔಷಧಿಯ ಪ್ರಮಾಣವೆಲ್ಲ ತೂಕದ ಮೇಲೇ ಇರುವುದರಿಂದ ನಾನು ಮಾಡಿದ್ದು ಒಳ್ಳೆಯದೇ ಆಯಿತಂತೆ. ಆದರೂ ಮಧ್ಯಾಹ್ನ ಊಟದ ಡಬ್ಬಿಯನ್ನು ಬಿಚ್ಚದೆ ವಾಪಸ್ ಒಯ್ದೆ. ತಕ್ಕಡಿ ಸುಳ್ಳು ಹೇಳುತ್ತಿದ್ದಾಗಲೂ, ನಿಜ ಹೇಳಿದ ಮೇಲೂ ಆ ಮಗು ಅದೇ ಮಗು. ಅದು ನನಗೆ ಅರ್ಥವಾಗುತ್ತದೆ. ನನ್ನ ಮಗಳ ವಿಷಯದಲ್ಲಿ ಮಾತ್ರ ಯಾಕೋ ಅರ್ಥವಾಗುತ್ತಿಲ್ಲ.

ಸಂಜೆ ಸಿಸ್ಟರ್ ಹತ್ತಿರ ಕೇಳಿದೆ, "ತಕ್ಕಡಿ ಸರಿಯಾಯ್ತು. ಆದ್ರೂ ಏರ್ತಿಲ್ವಲ್ಲ?"

"ಹಾಲೆಲ್ಲ ಮೈ ಬೆಚ್ಚಗಿಟ್ಕೊಳ್ಳೋದಕ್ಕೇ ಖರ್ಚಾಗ್ತಿದೆ. ತೊಟ್ಟಿಲಿಗೆ ಹಾಕೋ ಮುಂಚೆ ಪೆಟ್ಟಿಗೆ ಬಿಸಿ ಕಮ್ಮಿ ಮಾಡ್ತಾ ಇದೀವಿ. ಬೇರೆ ಮಕ್ಕಳಿಗೆ ಆ ಹೊತ್ತಲ್ಲಿ ಅಮ್ಮನ ಎದೆ ಇರತ್ತೆ." ಆಮೇಲೆ ಅಂದರು, "ನಮ್ಮ ತಕ್ಕಡಿ ಪರೀಕ್ಷೆ ಮಾಡೋಕೆ ನಿಮ್ಗೆ ಬಿಟ್ವಿ. ನಾಳೆ ನೀವು ಕುರ್ಚೀಲಿ ಕೂರ್ಬೇಕು. ಸ್ನಾನ ಮಾಡ್ಕೊಂಡು ಬನ್ನಿ, ಗುಂಡಿ ಇರೋ ಅಂಗಿ ಹಾಕ್ಕೊಂಡು."

ಮಾರ್ಚ್ 23. ತೂಕ: 1220

ಕೂತೆ.

ಅಂಗಿ ಗುಂಡಿ ಬಿಚ್ಚಿದೆ. ಅಷ್ಟು ಜನರ ಮುಂದೆ ನಾಚಿಕೆಯಾಯಿತು. ಸಿಸ್ಟರ್ ಅವಳನ್ನು ಟೋಪಿ, ಡೈಪರು, ಮೂಗಿನ ನಳಿಕೆ ಸಮೇತ ಎತ್ತಿ ತಂದರು. "ಕೈ ಕೊಡಿ" ಅಂದರು. ನನ್ನ ಕೈ ಮುಂದೆ ಬರಲಿಲ್ಲ. ಇಪ್ಪತ್ತು ದಿನ ಬಚ್ಚಿಟ್ಟದ್ದನ್ನು ಇಲ್ಲಾದರೂ ಬರೆದುಬಿಡುತ್ತೇನೆ. ಒರಟುತನದ ಮಾತು ನೆಪ. ನನಗೆ ಹೆದರಿಕೆ. ತಕ್ಕಡಿಯ ಸಂಖ್ಯೆಯ ಜೊತೆ ವಾದ ಮಾಡಬಹುದು, ತಪ್ಪು ಹುಡುಕಬಹುದು. ಕೈಯ ಜೊತೆ ಆಗುವುದಿಲ್ಲ. ಕೈಗೆತ್ತಿಕೊಂಡ ಕ್ಷಣಕ್ಕೆ ನನ್ನ ಕೈ ಇವಳು ಏನೂ ಇಲ್ಲ, ಉಳಿಯುವಷ್ಟು ಇಲ್ಲ ಅಂದುಬಿಟ್ಟರೆ ನಾನು ಅದನ್ನು ನಂಬಿಬಿಡುತ್ತೇನೆ ಅನ್ನುವ ಹೆದರಿಕೆ.

ಇದನ್ನೆಲ್ಲ ಸಿಸ್ಟರಿಗೆ ಹೇಳಲಿಲ್ಲ. "ಬೀಳಿಸಿಬಿಟ್ರೆ?" ಅಂದೆ.

"ಬೀಳಲ್ಲ. ಅವಳೇ ಹಿಡ್ಕೋತಾಳೆ."

ಎದೆಯ ಮೇಲೆ ನೇರವಾಗಿ ಇಟ್ಟರು, ಕಪ್ಪೆಯ ಹಾಗೆ ಕಾಲು ಮಡಿಸಿ, ತಲೆ ಒಂದು ಪಕ್ಕಕ್ಕೆ. ಸುತ್ತ ಬಟ್ಟೆ ಬಿಗಿದು ಕಟ್ಟಿದರು. ಒಂದು ಕೈ ಕೆಳಗೆ, ಒಂದು ಕೈ ಬೆನ್ನಿಗೆ. ಕಾದೆ. ಕೈ ತೂಕ ಹೇಳಲಿಲ್ಲ. ಬೆಚ್ಚಗಿದ್ದಾಳೆ ಅಂತ ಹೇಳಿತು. ಬೆನ್ನು ಬೇಗ ಬೇಗ ಏರಿಳಿಯುತ್ತಿದೆ ಅಂತ ಹೇಳಿತು. ಆಮೇಲೆ ಅವಳ ಬೆರಳು ನನ್ನ ಎದೆಯ ಕೂದಲು ಹಿಡಿದು ಎಳೆಯಿತು. ನೋವಾಯಿತು. ಇಷ್ಟು ಶಕ್ತಿ ಎಲ್ಲಿಂದ ಬಂತು ಇವಳಿಗೆ?

ನಾನು ಮಾನಿಟರ್ ಕಡೆ ಕತ್ತು ಹೊರಳಿಸಿದೆ. "ಅದನ್ನ ನಾನು ನೋಡ್ತೀನಿ. ನೀವು ಅವಳನ್ನ ನೋಡಿ" ಅಂದರು ಸಿಸ್ಟರ್. ಒಂದೂವರೆ ಗಂಟೆ ನೋಡಿದೆ. ಹುಬ್ಬು ಇನ್ನೂ ಸರಿಯಾಗಿ ಬಂದಿಲ್ಲ, ಆದರೂ ಗಂಟಿಕ್ಕುತ್ತಾಳೆ. ಮೂಗು ನನ್ನವಳದು. ಸೀನಿದಳು. ಬೆಕ್ಕಿನ ಮರಿ ಸೀನಿದಷ್ಟು ಸದ್ದು.

ಕೆಳಗೆ ಹೋಗಿ ಹೆಂಡತಿಗೆ ಸೀನಿದ್ದು ಹೇಳಿದೆ. ಎರಡು ಸಲ ಹೇಳಿಸಿದಳು. ಎರಡನೇ ಸಲ ಸೀನಿ ತೋರಿಸಬೇಕಾಯಿತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

ಮಾರ್ಚ್ 26. ತೂಕ: 1290, 1295? ಸಿಸ್ಟರ್ ಹೇಳಿದರು, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ

ಬೆಳಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಕೂರುತ್ತೇನೆ. ಅಂಗಡಿ ಅರ್ಧ ಹೊತ್ತು ಮುಚ್ಚಿರುತ್ತದೆ. ಇವತ್ತು ಸಂಜೆ ಅವಳಿಗೆ ನಿದ್ದೆ ಹತ್ತಿತ್ತು, ನನಗೂ ಅರೆನಿದ್ದೆ. ಇದ್ದಕ್ಕಿದ್ದ ಹಾಗೆ ಏನೋ ನಿಂತಂತಾಯಿತು. ಕಣ್ಣು ತೆರೆಯುವ ಮುಂಚೆಯೇ ನನ್ನ ಕೈ ಅವಳ ಬೆನ್ನನ್ನು ಕೆಳಗಿಂದ ಮೇಲಕ್ಕೆ ಉಜ್ಜುತ್ತಿತ್ತು. "ಯಜಮಾನೀ, ಉಸಿರು" ಅಂದೆ. ತಗೊಂಡಳು. ಆಮೇಲೆ ಯಂತ್ರ ಕೂಗಿತು.

ಸಿಸ್ಟರ್ ಬಂದು ನಿಂತರು. "ಅಲಾರಂಗಿಂತ ಮುಂಚೆ ನಿಮ್ಗೆ ಹೇಗೆ ಗೊತ್ತಾಯ್ತು?"

ಗೊತ್ತಿಲ್ಲ ಅಂದೆ. ಯಂತ್ರ ಒಂದಷ್ಟು ಸೆಕೆಂಡು ಕಾದು ನೋಡಿಯೇ ಕೂಗುವುದು, ಅದು ಅದರ ತಯಾರಿಕೆ. ಕೈ ಯಾಕೆ ಕಾಯಲಿಲ್ಲ ಅನ್ನುವುದನ್ನು ಯೋಚಿಸಬೇಕು.

ಐದನೇ ಪೆಟ್ಟಿಗೆ ಇವತ್ತು ಮನೆಗೆ ಹೋಯಿತು. 1825. ಕಂಡಕ್ಟರ್ ತಾಯಿ ನನ್ನ ಕುರ್ಚಿಯ ಹತ್ತಿರ ಬಂದು, "ಇದು ನಿಜವಾದ ತೂಕ ತಾನೇ?" ಅಂತ ಕೇಳಿದಳು. ಹೌದು ಅಂದೆ. "ಯಾರೂ ಬಂದು ಕಿತ್ಕೊಳ್ಳಲ್ವಲ್ಲ?" ಇಲ್ಲ ಅಂದೆ. ನಕ್ಕಳು. ನಮ್ಮವಳ ಟೋಪಿ ಸರಿಮಾಡಿ ಹೋದಳು.

ಮಾರ್ಚ್ 31

ಹೆಂಡತಿಯ ಜ್ವರ ಬಿಟ್ಟು ನಾಲ್ಕು ದಿನ. ಇವತ್ತು ಅವಳು ಕುರ್ಚಿಯಲ್ಲಿ ಕೂತಳು. ನಾನು ಪಕ್ಕದಲ್ಲಿ ನಿಂತು ಕಾಲು ಹೀಗಿಡು, ಕೆನ್ನೆ ಹಾಗಿಡು, ಕುತ್ತಿಗೆ ಮುಂದಕ್ಕೆ ಬಾಗಬಾರದು, ಉಸಿರು ಕಟ್ಟುತ್ತದೆ ಅಂತ ಹೇಳುತ್ತಲೇ ಇದ್ದೆ. ಅವಳು ಸಿಸ್ಟರನ್ನು ಕರೆದು, "ಇವ್ರನ್ನ ಸ್ವಲ್ಪ ಕೈ ತೊಳ್ಕೊಂಡು ಬರೋಕೆ ಕಳಿಸ್ತೀರಾ?" ಅಂದಳು.

ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು. ಎಂಟು ದಿನ ಆ ಕುರ್ಚಿ ನನ್ನದಾಗಿತ್ತು.

ಏಪ್ರಿಲ್ 2

ಕಣ್ಣಿನ ಡಾಕ್ಟರು ಬಂದಿದ್ದರು. ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಹಿಂದಿನ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದಂತೆ. ಹುಟ್ಟಿ ನಾಲ್ಕು ವಾರ ಆಗುತ್ತಲೇ ನೋಡಲೇಬೇಕು, ಬಿಟ್ಟರೆ ದೃಷ್ಟಿ ಹೋಗಬಹುದು. ಪರೀಕ್ಷೆ ನೋಡಲು ಆಗಲಿಲ್ಲ, ಹೊರಗೆ ಹೋದೆ. ಅವಳು ಅತ್ತದ್ದು ಕೇಳಿಸಿತು. ಮೊದಲ ಸಲ ಅಷ್ಟು ಜೋರಾಗಿ ಅತ್ತಳು, ಎರಡು ಬಾಗಿಲಾಚೆ ಕೇಳಿಸುವಷ್ಟು. ಅಳು ಕೇಳಿ ಸಂಕಟ, ಆ ಜೋರು ಕೇಳಿ ಹೆಮ್ಮೆ. ಈವರೆಗೆ ಸರಿಯಿದೆ, ಎರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ.

ಏಪ್ರಿಲ್ 5

ಇವತ್ತು ಕಲಿತದ್ದು: ಚೀಪುವುದು, ನುಂಗುವುದು, ಉಸಿರಾಡುವುದು ಮೂರು ಬೇರೆ ಬೇರೆ ಕೆಲಸ. ನಾವು ಅದನ್ನು ಒಂದೇ ಅಂದುಕೊಂಡು ಕುಡಿಯುತ್ತೇವೆ. ಇವಳಿಗೆ ಚೀಪುವಾಗ ಉಸಿರು ಮರೆಯುತ್ತದೆ, ಉಸಿರಾಡುವಾಗ ನುಂಗುವುದು ಮರೆಯುತ್ತದೆ. ಸಿಸ್ಟರ್ ಹಾಲು ಕುಡಿಸುವ ಒಳಲೆಯ ಮೂತಿಯಿಂದ ತೊಟ್ಟು ತೊಟ್ಟಾಗಿ ತುಟಿಯ ಅಂಚಿಗೆ ಬಿಟ್ಟರು. ಒಂದು ತೊಟ್ಟು, ನಿಲ್ಲಿಸು, ಉಸಿರಾಡಲಿ. ಇನ್ನೊಂದು ತೊಟ್ಟು. ಹತ್ತು ಮಿಲಿಗೆ ಇಪ್ಪತ್ತೈದು ನಿಮಿಷ. ಕ್ಯಾಂಟೀನಿನಲ್ಲಿ ನಾನೂ ಹಾಗೆ ಗಮನಿಸಿಕೊಂಡು ಕುಡಿಯಲು ಹೋಗಿ ಕಾಫಿ ಮೂಗಿಗೆ ಏರಿತು. ಅವಳ ಕಾಫಿಯನ್ನು ಇವತ್ತಿಂದ ನಿಲ್ಲಿಸಿದ್ದಾರೆ. ಏಳು ದಿನ ಎಣಿಸಬೇಕು.

ಏಪ್ರಿಲ್ 7

ಮತ್ತೆ ಮರೆತಳು. ಹಾಲು ಕುಡಿದ ಮೇಲೆ, ತೊಟ್ಟಿಲಲ್ಲಿ. ಏಳು ದಿನದ ಎಣಿಕೆ ಮೊದಲಿನಿಂದ. ಹೆಂಡತಿ ತುಂಬಾ ಅತ್ತಳು. ನಾನೂ.

ಏಪ್ರಿಲ್ 11

ನಾಲ್ಕು ದಿನ ಆಯಿತು, ಮರೆತಿಲ್ಲ. ಅಮ್ಮನ ಹತ್ತಿರವೇ ಕುಡಿಯುತ್ತಿದ್ದಾಳೆ, ಮಧ್ಯೆ ತಾನೇ ನಿಲ್ಲಿಸಿ, ಉಸಿರಾಡಿ, ಮತ್ತೆ ಶುರು ಮಾಡುತ್ತಾಳೆ. ನಳಿಕೆ ತೆಗೆದಿದ್ದಾರೆ. ಕೆನ್ನೆಯಲ್ಲಿ ಪಟ್ಟಿ ಅಂಟಿದ್ದ ಜಾಗ ಕೆಂಪಗೆ ಉಳಿದಿದೆ.

ಮತ್ತೆ ಕಿವಿ. ಎದೆಗೆ ಒತ್ತಿ ಮಡಿಸಿಕೊಂಡಿತ್ತು. ಬಿಡಿಸೋಣ ಅಂತ ಬೆರಳು ಹತ್ತಿರ ಒಯ್ದೆ. ಮುಟ್ಟುವ ಮುಂಚೆಯೇ ತಾನಾಗಿ ಬಿಚ್ಚಿಕೊಂಡಿತು. ಮತ್ತೆ ಮಡಿಸಿದೆ. ಮತ್ತೆ ಬಿಚ್ಚಿಕೊಂಡಿತು. ಆರು ಸಲ ಮಾಡಿದೆ. ಏಳನೇ ಸಲಕ್ಕೆ ಯಜಮಾನಿ ಹುಬ್ಬು ಗಂಟಿಕ್ಕಿದಳು. ಎಲ್ಲರನ್ನೂ ಕರೆದು ತೋರಿಸಿದೆ.

ಏಪ್ರಿಲ್ 14

ಮನೆ. ಮೂರು ಷರತ್ತೂ ಮುಗಿದವು. ಕಣ್ಣನ್ನೂ ಇನ್ನೊಮ್ಮೆ ನೋಡಿದರು, ಸರಿಯಿದೆ. ತೂಕ ದಾಟಿದ್ದಾಳೆ, ಚೀಟಿಯಲ್ಲಿ ಬರೆದಿದೆ, ಚೀಟಿ ಹೆಂಡತಿಯ ಚೀಲದಲ್ಲಿದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದರು. "ಕೈ ತೊಳೀರಿ, ಮೊಣಕೈವರೆಗೆ" ಅಂದೆ. ಅವರು ಹೆಂಡತಿಯ ಮುಖ ನೋಡಿದರು. ಅವಳು, "ತೊಳೀಮ್ಮಾ, ಬಿಡಲ್ಲ ಅವ್ರು" ಅಂದಳು.

ಮನೆಯಲ್ಲಿ ತೂಗಬೇಕಾಗಿಲ್ಲ, ಎರಡು ವಾರಕ್ಕೆ ಬನ್ನಿ ಅಂದಿದ್ದಾರೆ ಡಾಕ್ಟರು. ಆದರೂ ಹೋದ ತಿಂಗಳೇ ಒಂದು ಮಕ್ಕಳ ತಕ್ಕಡಿ ಹೊಂದಿಸಿ, ಐದು ಗ್ರಾಮಿಗೂ ಚುರುಕಾಗಿ ಓಡುವ ಹಾಗೆ ಮಾಡಿ ಇಟ್ಟಿದ್ದೆ. ಕಪಾಟಿನ ಮೇಲಿದೆ. ದಿನಕ್ಕೊಮ್ಮೆ ತೂಗಿ ಬರೆಯಬೇಕು ಅಂತ ಯೋಜನೆ. ನಾಳೆಯಿಂದ.

ಏಪ್ರಿಲ್ 19

ಸರದಿ ಮೇಲೆ ಎದೆಗೆ ಹಾಕಿಕೊಳ್ಳುತ್ತೇವೆ. ನನ್ನ ಸರದಿ ಅಂಗಡಿಯಿಂದ ಬಂದ ಮೇಲೆ. ತಕ್ಕಡಿ ನಾಳೆ ಇಳಿಸಬೇಕು. ಇವತ್ತು ಆಕಳಿಸುತ್ತಾ ಆಕಳಿಸುತ್ತಾ ಅರ್ಧದಲ್ಲೇ ನಿದ್ದೆ ಹೋದಳು, ಬಾಯಿ ತೆರೆದುಕೊಂಡೇ. ಅದನ್ನು ನೋಡುತ್ತಾ ಕೂತು ಊಟದ ಹೊತ್ತು ಮೀರಿತು.

ಅತ್ತೆಗೆ ಒಂದು ಅನುಮಾನ: ಇವಳ ವಯಸ್ಸು ಎಷ್ಟು ಅಂತ ಹೇಳುವುದು? ಏಳು ವಾರವೋ, ಇನ್ನೂ ಹುಟ್ಟುವ ದಿನವೇ ಬಂದಿಲ್ಲವೋ? ಎರಡೂ ಸರಿ ಅಂದೆ. ನಗು ಯಾವಾಗ, ಕತ್ತು ನಿಲ್ಲುವುದು ಯಾವಾಗ ಅನ್ನುವುದನ್ನು ಮೇ ಹನ್ನೆರಡರಿಂದ ಎಣಿಸಬೇಕು. ಚುಚ್ಚುಮದ್ದಿಗೆ ಮಾತ್ರ ಮಾರ್ಚ್ ಮೂರು. "ಎರಡು ವಯಸ್ಸಿನ ಹುಡುಗಿ, ಹುಷಾರಾಗಿರ್ಬೇಕು ಇವಳ ಹತ್ರ" ಅಂದರು ಅತ್ತೆ.

ಏಪ್ರಿಲ್ 28

ಇವತ್ತು ಆಸ್ಪತ್ರೆಗೆ ಹೋದೆವು. ನಾಲ್ಕನೇ ಮಹಡಿಯಲ್ಲಿ ಕೈ ತೊಳಿ ಸಿಸ್ಟರೇ ಇದ್ದರು.

"ಎಲ್ಲಿ, ಪುಸ್ತಕ ಕೊಡಿ. ಮನೇಲಿ ದಿನಾ ತೂಗಿರ್ತೀರಲ್ಲ, ಅದನ್ನೇ ಬರ್ಕೋತೀನಿ" ಅಂದರು.

ಪುಸ್ತಕ ತೆರೆದೆ. ಹಿಂದಕ್ಕೆ ತಿರುವಿದೆ. ಇನ್ನೂ ಹಿಂದಕ್ಕೆ. ಮಾರ್ಚ್ ಇಪ್ಪತ್ತಾರರ ನಂತರ ಒಂದೇ ಒಂದು ತೂಕವೂ ಇಲ್ಲ. ಅಳು ಇದೆ, ಆಕಳಿಕೆ ಇದೆ, ಕಿವಿ ಇದೆ. ತೂಕ ಇಲ್ಲ. ಹೆಂಡತಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. "ತಕ್ಕಡಿ ಇನ್ನೂ ಕಪಾಟಿನ ಮೇಲಿದೆ, ಸಿಸ್ಟರ್" ಅಂದಳು.

"ತಕ್ಕಡಿಯವರ ಮನೇಲಿ ತೂಗಿಲ್ವಾ?" ಸಿಸ್ಟರ್ ಜೋರಾಗಿ ನಕ್ಕರು. "ಸರಿ, ನಿಮ್ಮ ಕೈ ತೂಕ ಹೇಳತ್ತಂತಲ್ಲ, ನಿಮ್ಮನೆಯೋರು ಹೇಳಿದ್ರು. ನೋಡೋಣ, ಹೇಳಿ."

ಅಂಗಡಿ ಬೀದಿಯವರ ಮುಂದೆ ನಿಂತ ಹಾಗೆ ನಿಂತೆ. ಒಂದು ಕೈ ತಲೆಯ ಕೆಳಗೆ, ಒಂದು ಕೈ ಬೆನ್ನಿಗೆ. ಒಮ್ಮೆ ಎತ್ತಿಳಿಸಿದೆ. ಕೈ ತಡಮಾಡಲಿಲ್ಲ. "ಎರಡೂವರೆ ಕಿಲೋ" ಅಂದೆ.

ಬಟ್ಟೆ ಬಿಚ್ಚಿ ತಟ್ಟೆಯಲ್ಲಿ ಮಲಗಿಸಿದರು. ಅದೇ ತಕ್ಕಡಿ. 2190.

ಮುನ್ನೂರ ಹತ್ತು ಗ್ರಾಂ ವ್ಯತ್ಯಾಸ. ಇಪ್ಪತ್ತೆರಡು ವರ್ಷದಲ್ಲಿ ಈ ಕೈ ಇಷ್ಟು ತಪ್ಪಿದ್ದಿಲ್ಲ. ಎಲ್ಲಿಂದ ಬಂತು ಅಷ್ಟು ಭಾರ ಅಂತ ಕೈಯನ್ನೇ ನೋಡಿಕೊಂಡೆ. ಯಜಮಾನಿ ತಟ್ಟೆಯ ತಂಪಿಗೆ ಕಾಲು ಝಾಡಿಸುತ್ತಾ, ಎರಡು ಬಾಗಿಲಾಚೆ ಕೇಳಿಸುವ ಹಾಗೆ ಅಳುತ್ತಿದ್ದಳು.

ಸಿಸ್ಟರ್ ಡ್ರಾಯರ್ ಎಳೆದರು. ಅವರು ಈಗ ಅಲ್ಲೇ ಒಂದು ಕಿಲೋ ಬಟ್ಟು ಇಟ್ಟುಕೊಂಡಿದ್ದಾರೆ. "ತಕ್ಕಡಿ ಪರೀಕ್ಷೆ ಮಾಡ್ತೀರಾ?"

"ಬೇಡ. ತಕ್ಕಡಿ ಸರಿಯಾಗೇ ಇದೆ" ಅಂದು ಮಗಳನ್ನು ಎತ್ತಿಕೊಂಡೆ.